ಮರುಭೂಮಿ ರೈಡಿಗೆ ನಮ್ಮ ಮಡ್ಡಿಯೊಳಗನ ತಯಾರಿ ಆಗ್ತದ: ಮೌಂಟೇನ್ ಬೈಕ್ ಬಗ್ಗೆ ಓದುಗರ ಪ್ರಶ್ನೆ

ಈ ಸಲ ಬಂದ ಪತ್ರಗಳೊಳಗ ವಿಜಯಪುರ, ಬಾಗಲಕೋಟಿ, ಬೆಳಗಾವಿ ಕಡೆಯವರದ್ದೇ ಹೆಚ್ಚು. ಎಲ್ಲಾರ ಪ್ರಶ್ನೆನೂ ಸುತ್ತಿ ಬಳಸಿ ಒಂದೇ ಕಡೆ ಬರ್ತಾವ: ಬಿಸಲು, ಮುಳ್ಳು, ಕಲ್ಲು, ಉಸುಕು ಇರೋ ನೆಲದಾಗ ಮೌಂಟೇನ್ ಬೈಕ್ ಶುರು ಮಾಡೋದು ಹ್ಯಾಂಗ. ಅದಕ್ಕ ಎಲ್ಲಾ ಒಂದೇ ಕಡೆ ಕೂಡಿಸಿ ಉತ್ತರ ಬರ್ದೀನಿ.

ಪ್ರಶ್ನೆ: ಸರ್ ನಮಸ್ಕಾರ, ನಾನು ವಿಜಯಪುರದಾಂವ. ಡಿಸೆಂಬರ್‌ದಾಗ ನಾವು ಗೆಳ್ಯಾರು ಕೂಡಿ ಜೈಸಲ್ಮೇರಕ್ಕ ಹೋಗಿ ಮರುಭೂಮಿಯೊಳಗ ಮೌಂಟೇನ್ ಬೈಕ್ ಹೊಡಿಬೇಕಂತ ಮಾಡೀವಿ. ಡಾಂಬರ್ ರೋಡ್ ಮ್ಯಾಲೆ 40-50 ಕಿಲೋಮೀಟರ್ ಆರಾಮ ಹೋಗ್ತೀನಿ, ಆದ್ರ ಉಸುಕಿನ್ಯಾಗ, ಕಲ್ಲಿನ್ಯಾಗ ಹೊಡದ ರೂಢಿ ಇಲ್ಲ. ನಮ್ಮ ಕಡೆ ಮರುಭೂಮಿ ಇಲ್ಲಲ್ಲ, ಪ್ರಾಕ್ಟೀಸ್ ಎಲ್ಲಿ ಮಾಡೋದು?

ಉತ್ತರ: ಮೊದಲ ಒಂದು ಮಾತು ಹೇಳ್ತೀನಿ. ಮರುಭೂಮಿ ಅಂದ ಕೂಡ್ಲೆ ನಿಮ್ಮ ಕಣ್ಣ ಮುಂದ ಬರೋದು ಜೈಸಲ್ಮೇರ ಹತ್ತಿರದ ಸಮ್ ಅನ್ನೋ ಊರಿನ ಕಡೆಯ ಉಸುಕಿನ ದಿಬ್ಬ, ಫೋಟೋದಾಗ ಎಲ್ಲಾರೂ ನೋಡಿರ್ತೀವಿ. ಆ ದಿಬ್ಬದ ಮ್ಯಾಲೆ ಸಾದಾ ಮೌಂಟೇನ್ ಬೈಕ್ ಓಡೂದಿಲ್ಲರಿ, ಗಾಲಿ ಹುಗೀತದ, ಇಳದು ಹೊತ್ಕೊಂಡು ನಡೀಬೇಕಾಗ್ತದ. ಅಲ್ಲಿ ಓಡೋದು 4 ಇಂಚಿನ ಟೈರಿನ ಫ್ಯಾಟ್ ಬೈಕ್, ಅದೂ ಟೈರಿನ್ಯಾಗ ಗಾಳಿ 10 ಪಿಎಸ್ಐಗಿಂತ (ಪಿಎಸ್ಐ ಅಂದ್ರ ಗಾಳಿ ಒತ್ತಡದ ಅಳತಿ) ಕಡಿಮಿ ಇಟ್ಕೊಂಡ್ರ. ಜೈಸಲ್ಮೇರ ಊರಿನ ಸುತ್ತ ಇರೋದು ಬ್ಯಾರೆನೇ ನೆಲ: ಹಳದಿ ಸುಣ್ಣಕಲ್ಲಿನ ಬಯಲು, ಗರಸು, ಒಂಟಿ ತಿರಗಾಡೋ ಹಾದಿ, ನಡುನಡುವ ಗಾಳಿ ತಂದು ಒಟ್ಟಿದ ಉಸುಕಿನ ಪಟ್ಟಿ. ದಿಬ್ಬ ನೋಡಬೇಕಂದ್ರ ಊರಿಂದ ಸುಮಾರು 40 ಕಿಲೋಮೀಟರ್ ಹೋಗಬೇಕು. ಅಂದ್ರ ನೀವು ಹೊಡಿಯೋದು ಹೆಚ್ಚಾಗಿ ಗಟ್ಟಿ ಕಲ್ಲು ಗರಸಿನ ಮ್ಯಾಲೆ, ಉಸುಕು ಸಿಗೋದು ತುಣುಕು ತುಣುಕಾಗಿ, ಇದು ತಲಿಯೊಳಗ ಇದ್ರ ನಿಮ್ಮ ತಯಾರಿನೇ ಬದಲಾಗ್ತದ.

ಈಗ ನಮ್ಮ ನೆಲ ನೋಡ್ರಿ. ಜೈಸಲ್ಮೇರದಾಗ ವರ್ಷಕ್ಕ 200 ಮಿಲಿಮೀಟರ್‌ಗಿಂತ ಕಡಿಮಿ ಮಳಿ, ನಮ್ಮ ವಿಜಯಪುರಕ್ಕ ಸುಮಾರು 600ರ ಆಸುಪಾಸು. ನಮ್ಮದು ಮರುಭೂಮಿ ಅಲ್ಲ, ಬಯಲುಸೀಮಿ, ಆದ್ರ ಫೆಬ್ರವರಿಯಿಂದ ಜೂನ್ ತನಕ ಇಲ್ಲಿ ಒಣಗೋ ಪರಿ ನಿಮಗ ಗೊತ್ತೇ ಅದ. ಬಾಗಲಕೋಟಿ ಜಿಲ್ಲೆಯ ಯಡಹಳ್ಳಿ ಕಡೆ ಚಿಂಕಾರ ಜಿಂಕಿ ಅದಾವ, 2016ರಾಗ ಅದಕ್ಕಂತನ ವನ್ಯಧಾಮ ಆತು. ಇದೇ ಚಿಂಕಾರ ಥಾರ್ ಮರುಭೂಮಿಯೊಳಗೂ ಇರ್ತದ, ರಾಜಸ್ಥಾನದ ರಾಜ್ಯಪ್ರಾಣಿ ಅದು. ಅಲ್ಲಿಯ ರಾಜ್ಯವೃಕ್ಷ ಖೇಜ್ರಿ ಅಂದ್ರ ಮತ್ತೇನಲ್ಲ, ನಾವು ದಸರಾಕ್ಕ ಪೂಜಾ ಮಾಡೋ ಬನ್ನಿ. ಒಣ ನೆಲದ ಗಿಡ, ಒಣ ನೆಲದ ಪ್ರಾಣಿ ಎರಡೂ ಕಡೆ ಬಾಳ್ತಾವಂದ ಮ್ಯಾಲೆ ಸೈಕಲ್ ಕಲಿಯಾಕ ನಮ್ಮ ನೆಲ ಸಾಲೂದಿಲ್ಲ ಅನ್ನೋ ಮಾತೇ ಇಲ್ಲ. (ವನ್ಯಧಾಮದ ಒಳಗ ಮಾತ್ರ ಅರಣ್ಯ ಇಲಾಖೆ ಪರ್ಮಿಷನ್ ಇಲ್ಲದ ಸೈಕಲ್ ಒಯ್ಯಬ್ಯಾಡ್ರಿ, ಹೊರಗ ಬೇಕಾದಷ್ಟು ಜಾಗಾ ಅದ.)

ಪ್ರಾಕ್ಟೀಸಿಗೆ ಮೂರು ಥರದ ನೆಲ ಹುಡಕ್ರಿ. ಒಂದು, ಊರ ಹೊರಗಿನ ಮಡ್ಡಿ, ಬಿತ್ತಗಿ ಇರದ ಕಲ್ಲು ಗರಸಿನ ಜಾಗಾ. ಜೈಸಲ್ಮೇರಕ್ಕ ಹೆಚ್ಚು ಉಪಯೋಗ ಆಗೋದು ಇದೇ, ವಾರದಾಗ ಎರಡು ಮುಂಜಾನೆ ಇಲ್ಲೇ ಕಳೀರಿ. ಪೆಡಲ್ ಎರಡೂ ಸಮ ಇಟ್ಟು ಸೀಟಿಂದ ಎದ್ದು ನಿಂತು, ಮೊಣಕೈ ಮೊಣಕಾಲು ಸ್ವಲ್ಪ ಮಡಚಿ, ಸೈಕಲ್ ತನ್ನ ಪಾಡಿಗೆ ತಾನು ಕೆಳಗ ಕುಣೀಲಿ ಅಂತ ಬಿಡೋದು ಕಲೀರಿ. ರೋಡ್ ಸೈಕಲ್ ಹೊಡಿಯೋರು ಮೊದಮೊದಲ ಹ್ಯಾಂಡಲ್ ಗಟ್ಟಿ ಹಿಡೀತಾರ, ಅದರಿಂದ ಒಂದೊಂದು ಕಲ್ಲಿನ ಪೆಟ್ಟೂ ಭುಜಕ್ಕ ಬರ್ತದ, ತಾಸಿನ್ಯಾಗ ಕೈ ಸೋತು ಹೋಗ್ತಾವ. ಬ್ರೇಕಿಗೆ ಒಂದೇ ಬೆರಳು ಸಾಕು. ಸೈಕಲ್ ನಿಲ್ಲಿಸೋ ಶಕ್ತಿ ಹೆಚ್ಚಿರೋದು ಮುಂದಿನ ಬ್ರೇಕಿನ್ಯಾಗ, ಅಂಜಿ ಅದನ್ನ ಬಿಡಬ್ಯಾಡ್ರಿ, ಆದ್ರ ಗರಸಿನ ಮ್ಯಾಲೆ ತಿರುವಿನ್ಯಾಗ ಒಮ್ಮೆಲೇ ಹಿಡದ್ರಿ ಅಂದ್ರ ಮುಂದಿನ ಗಾಲಿ ಜಾರಿ ಮುಗೀತು. ತಿರುವು ಬರೋಕ ಮೊದಲೇ ವೇಗ ಕಡಿಮಿ ಮಾಡ್ಕೊಂಡು, ತಿರುವಿನ್ಯಾಗ ಬ್ರೇಕ್ ಬಿಟ್ಟು ಹೋಗ್ರಿ.

ಎರಡು, ಉಸುಕು. ಬ್ಯಾಸಗಿಯೊಳಗ ಒಣಗಿದ ಹಳ್ಳ, ಇಂಡಿ ಕಡೆಯಾದ್ರ ಭೀಮಾ ನದಿ ದಂಡಿ, ಬಾಗಲಕೋಟಿ ಕಡೆಯಾದ್ರ ಮಲಪ್ರಭಾ ದಂಡಿ. ಉಸುಕು ತಗದ ತೆಗ್ಗು ಇರ್ತಾವ, ಅದಕ್ಕ ಮೊದಲ ನಡಕೊಂಡು ಹೋಗಿ ನೋಡ್ಕೊಂಡು ಬರ್ರಿ. ಉಸುಕು ಶುರು ಆಗೋಕ ಮೊದಲೇ ಗೇರ್ ಹಗರ ಮಾಡ್ಕೋಬೇಕು, ಒಳಗ ಹೋದ ಮ್ಯಾಲೆ ಗೇರ್ ಹಾಕಾಕ ಹೋದ್ರ ಅಲ್ಲೇ ನಿಲ್ತೀರಿ. ಮೈ ಭಾರ ಸ್ವಲ್ಪ ಹಿಂದಕ್ಕ ಒಯ್ದು, ಮುಂದಿನ ಗಾಲಿ ಹಗರ ಬಿಟ್ಟು, ನಿಲ್ಲಿಸದ ಒಂದೇ ಸವನ ತುಳೀಬೇಕು, ಕಣ್ಣು ಗಾಲಿ ಮ್ಯಾಲೆ ಅಲ್ಲ, ಉಸುಕು ಮುಗಿಯೋ ಜಾಗಾದ ಮ್ಯಾಲೆ ಇರ್ಲಿ. ಹ್ಯಾಂಡಲ್ ತಾನ ಅತ್ತಿತ್ತ ಹೊಯ್ದಾಡ್ತದ, ಆಡ್ಲಿ ಬಿಡ್ರಿ, ತಿದ್ದಾಕ ಹೋದವರೇ ಬೀಳೋದು. ದಿಕ್ಕು ಬದಲಿಸೋದು ಸೊಂಟದಿಂದ.

ಮೂರನೇದು ನಮ್ಮ ಎರಿ ಹೊಲದ ಗಾಡಿ ದಾರಿ. ಮಳಿಯಾದ ದಿನ ಇದರ ಹತ್ತಿರ ಹೋಗಬ್ಯಾಡ್ರಿ. ಎರಿ ಮಣ್ಣು ನೀರು ಕುಡದು ಉಬ್ಬಿ ಟೈರಿಗೆ ಮೆತ್ತಿ ಫೋರ್ಕಿನ ಸಂದಿಯೊಳಗ ಗಟ್ಟಿಯಾಗ್ತದ, ಗಾಲಿ ತಿರಗೂದೇ ಇಲ್ಲ, ಎಳದಾಡಿದ್ರ ಹಿಂದಿನ ಡಿರೈಲರ್ (ಗೇರ್ ಬದಲಿಸೋ ಭಾಗ) ಮುರೀತದ. ಬ್ಯಾಸಗಿಯೊಳಗ ಇದೇ ಮಣ್ಣು ಬಿರಿತದ, ಆ ಬಿರುಕಿನ್ಯಾಗ ಮುಂದಿನ ಗಾಲಿ ಸಿಕ್ಕರ ಆಳು ತಲಿ ಮುಂದಾಗಿ ಬೀಳ್ತಾನ. ಗಾಡಿ ಜಾಡಿನ ನಡುವಿನ ದಿನ್ನಿ ಮ್ಯಾಲೆ ಹೊಡಿಯೋದು ಕಲೀರಿ. ಜೋಳ ಕೊಯ್ದ ಹೊಲದಾಗಂತೂ ಇಳೀಲೇ ಬ್ಯಾಡ್ರಿ, ಆ ಕೂಳಿ ಟೈರಿನ ಗೋಡಿ ಸೀಳ್ತದ. ಬಿತ್ತಿದ ಹೊಲ, ಒಡ್ಡಿನ ಮ್ಯಾಲೆ ಸೈಕಲ್ ಹತ್ತಸಬ್ಯಾಡ್ರಿ, ಅದು ರೈತರ ದುಡಿಮಿ. ಹಾದಿ ಗೊತ್ತಿಲ್ಲಂದ್ರ ಕುರಿ ಕಾಯೋರನ್ನ ಕೇಳ್ರಿ, ಯಾವ ಮ್ಯಾಪಿನ್ಯಾಗೂ ಇರದ ಕಾಲ್ದಾರಿ ಅವರಿಗೆ ಗೊತ್ತಿರ್ತದ.

ಜೈಸಲ್ಮೇರದ್ದು ಎರಡು ಮಾತು. ಪಾಕಿಸ್ತಾನ ಗಡಿ ಹತ್ತಿರದ ಕೆಲವು ಕಡೆ ಹೊರಗಿನವರು ಪರ್ಮಿಷನ್ ತಗೊಂಡೇ ಹೋಗಬೇಕು, ಊರಿನ್ಯಾಗ ಕೇಳಿ ಹೊಂಡ್ರಿ. ಡೆಸರ್ಟ್ ನ್ಯಾಷನಲ್ ಪಾರ್ಕಿನ ಜಾಗಾನೂ ಆ ಕಡೆನೇ ಅದ, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಡೀಗೆ ಉಳದಿರೋ ನೆಲ ಅದು, ಹಾದಿ ಬಿಟ್ಟು ಹುಲ್ಲುಗಾವಲಿನ್ಯಾಗ ಸೈಕಲ್ ನುಗ್ಗಸಬಾರದು. ಇನ್ನ ಡಿಸೆಂಬರ್ ರಾತ್ರಿ ಅಲ್ಲಿ ಭಾಳ ಚಳಿ, ನಮ್ಮ ಚಳಿಗಿಂತ ಜಾಸ್ತಿ, ಜಾಕೀಟು ಮರೀಬ್ಯಾಡ್ರಿ.

ಪ್ರಶ್ನೆ: ಸರ್, ನಾ ಸಿಂದಗಿ ತಾಲೂಕಿನ ಹಳ್ಳಿಯವ. ಹೊಲದ ಹಾದಿಯೊಳಗ ಸೈಕಲ್ ಒಯ್ದ್ರ ಪಂಚರ್ ಆಗದ ದಿನನ ಇಲ್ಲ. ಪಂಚರ್ ತಗ್ಯೋ ಅಂಗಡಿಯವ ಟ್ಯೂಬಿನ್ಯಾಗ ಇನ್ನ ಜಾಗಾ ಇಲ್ಲ ಅಂತಾನ. ಏನ್ ಮಾಡ್ಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿ ಆತು, ಯಾಕಂದ್ರ ನಮ್ಮ ಸೀಮಿಯೊಳಗ ಹೊಸಬರು ಸೈಕಲ್ ಮೂಲಿಗೆ ನಿಲ್ಲಸೋದು ಬಿಸಲಿಗೆ ಹೆದರಿ ಅಲ್ಲ, ಮುಳ್ಳಿಗೆ ಬ್ಯಾಸತ್ತು. ಈ ಒಂದು ಸಮಸ್ಯೆ ಬಗಿಹರಿಸಿಕೊಂಡ್ರ ಅರ್ಧ ಕೆಲಸ ಆದಂಗ.

ನಿಮ್ಮ ಟೈರಿನ ವೈರಿಗಳು ಮುಖ್ಯವಾಗಿ ಎರಡು. ಒಂದು ನೆಗ್ಗಿಲ ಮುಳ್ಳು. ನೆಲಕ್ಕ ಹತ್ತಿ ಹಬ್ಬತದ, ಸಣ್ಣ ಹಳದಿ ಹೂವು, ಕಾಯಿ ಒಣಗಿ ಐದು ಹೋಳಾಗಿ ಬೀಳ್ತಾವ, ಆ ಹೋಳು ಹೆಂಗ ಬಿದ್ರೂ ಒಂದು ಮುಳ್ಳು ಮ್ಯಾಲಕ್ಕ ಮುಖ ಮಾಡೇ ಇರ್ತದ. ಅಮೆರಿಕಾದ ಅರಿಝೋನಾ, ನ್ಯೂ ಮೆಕ್ಸಿಕೋ ಮರುಭೂಮಿಯೊಳಗ ಸೈಕಲ್ ಹೊಡಿಯೋರು ಭಾಳ ಅಂಜೋ ಗಿಡನೂ ಇದೇ ನಮ್ಮ ನೆಗ್ಗಿಲು, ನಮ್ಮ ಕಡೆಯ ಖಂಡಗಳಿಂದ ಹೋಗಿ ಅಲ್ಲಿ ಹಬ್ಬೇದ. ಎರಡನೇದು ಬಳ್ಳಾರಿ ಜಾಲಿ, ಇದು ಉಲ್ಟಾ, ಅಮೆರಿಕಾ ಖಂಡದಿಂದ ಇಲ್ಲಿಗೆ ಬಂದದ್ದು. ಒಣಗಿದ ಜಾಲಿ ಮುಳ್ಳು ಮೊಳಿಗಿಂತ ಕಡಿಮಿ ಏನಿಲ್ಲ, ಬೇಲಿಗೆ ಕಡಿದು ಎಳಕೊಂಡು ಹೋದ ಹಾದಿ ತುಂಬ ಉದರಿರ್ತಾವ. ಅಂದ್ರ ಅಲ್ಲಿ ಇಲ್ಲಿ ಎರಡೂ ಕಡೆ ಸೈಕಲ್ ಹೊಡಿಯೋರ ತ್ರಾಸು ಒಂದೇ, ಪರಿಹಾರನೂ ಒಂದೇ: ಟ್ಯೂಬ್ ಬಿಟ್ಟು ಟ್ಯೂಬ್‌ಲೆಸ್ ಮಾಡಸ್ರಿ.

ರಿಮ್ ಮತ್ತ ಟೈರ್ ಎರಡೂ ಟ್ಯೂಬ್‌ಲೆಸ್ಸಿಗೆ ಆಗೋವು ಇರಬೇಕು, ರಿಮ್ಮಿಗೆ ಟೇಪ್ ಹಾಕಿ, ವಾಲ್ವ್ ಕೂಡಿಸಿ, ಒಳಗ ಸೀಲೆಂಟ್ ಅನ್ನೋ ಹಾಲಿನಂಥ ದ್ರವ ಹಾಕ್ತಾರ. ಮುಳ್ಳು ಚುಚ್ಚಿದಲ್ಲಿ ಅದೇ ಹೋಗಿ ಗಟ್ಟಿಯಾಗಿ ತೂತು ಮುಚ್ಚತದ, ನಿಮಗ ಗೊತ್ತೇ ಆಗೂದಿಲ್ಲ. 29 ಇಂಚಿನ ಗಾಲಿಗೆ ಒಂದೊಂದಕ್ಕ 100 ಮಿಲಿ ಆಸುಪಾಸು ಹಾಕ್ರಿ, ಮುಳ್ಳಿನ ಸೀಮಿ ಅಂತ ಸ್ವಲ್ಪ ಜಾಸ್ತಿನೇ ಇರ್ಲಿ. ನಮ್ಮ ಬಿಸಲಿಗೆ ಅದು ಎರಡು ಮೂರು ತಿಂಗಳಿಗೆ ಒಣಗ್ತದ, ಗಾಲಿ ಅಲಗಾಡಿಸಿ ಕುಲು ಕುಲು ಸಪ್ಪಳ ಬರ್ಲಿಲ್ಲಂದ್ರ ಮತ್ತ ಹಾಕಬೇಕು. ನೆಗ್ಗಿಲು ಚುಚ್ಚಿದ್ದು ಕಂಡ್ರ ಕಿತ್ತು ಆ ಜಾಗಾ ಕೆಳಗ ಮಾಡಿ ಗಾಲಿ ತಿರಗಸ್ರಿ, ಸೀಲೆಂಟ್ ಅಲ್ಲಿಗೆ ಇಳೀತದ.

ಅಷ್ಟು ರೊಕ್ಕ ಈಗ ಬ್ಯಾಡ ಅಂದ್ರ, ಟ್ಯೂಬಿನ್ಯಾಗೂ ಹಾಕೋ ಸೀಲೆಂಟ್ ಸಿಗ್ತದ, ದಪ್ಪ ಟ್ಯೂಬೂ ಸಿಗ್ತಾವ, ಸಣ್ಣ ನೆಗ್ಗಿಲಿಗೆ ಸಾಕು. ಮತ್ತ ಒಂದು ರೂಢಿ ಮಾಡ್ಕೊಳ್ರಿ: ಪಂಚರ್ ಆದಾಗ ಹೊಸ ಟ್ಯೂಬ್ ಹಾಕೋ ಮೊದಲ ಟೈರಿನ ಒಳಗ ಬಟ್ಟಿ ಒಂದು ಸುತ್ತ ಆಡಸ್ರಿ, ಬಟ್ಟಿ ಸಿಕ್ಕಿದಲ್ಲಿ ಮುರದ ಮುಳ್ಳಿನ ಮೊನಿ ಇರ್ತದ. ಅದನ್ನ ತಗೀದ ಹಾಕಿದ್ರ ಹತ್ತು ನಿಮಿಷಕ್ಕ ಮತ್ತ ಗಾಳಿ ಹೋಗ್ತದ, ನಿಮ್ಮ ದಿನಾ ಪಂಚರಿನ ಗುಟ್ಟು ಇದೇ ಇದ್ದೀತು ಅಂತ ನನಗ ಅನಸ್ತದ. ಮುಳ್ಳು ಕಂಡ ಕಡೆ ಸೈಕಲ್ ದಬ್ಬಬ್ಯಾಡ್ರಿ, ಎತ್ತಿ ಹೆಗಲ ಮ್ಯಾಲೆ ಇಟ್ಕೊಂಡು ದಾಟ್ರಿ.

ಗಾಳಿ ಎಷ್ಟಿರಬೇಕು ಅಂತ ಭಾಳ ಮಂದಿ ಕೇಳ್ಯಾರ, ಇಲ್ಲೇ ಹೇಳ್ತೀನಿ. 70 ಕೆಜಿ ಆಸುಪಾಸಿನವರು 2.2-2.3 ಇಂಚಿನ ಟೈರಿಗೆ ಟ್ಯೂಬ್ ಇದ್ರ 30 ಪಿಎಸ್ಐ ಹತ್ತಿರ, ಟ್ಯೂಬ್‌ಲೆಸ್ ಇದ್ರ 22-25, ಮುಂದಿನ ಗಾಲಿಗೆ ಎರಡು ಕಡಿಮಿ. ಉಸುಕಿನ್ಯಾಗ ಟ್ಯೂಬ್‌ಲೆಸ್ ಇನ್ನೂ ಸ್ವಲ್ಪ ಇಳಸಬಹುದು. ಟ್ಯೂಬ್ ಇದ್ದು ಭಾಳ ಇಳಿಸಿದ್ರ ಕಲ್ಲಿಗೂ ರಿಮ್ಮಿಗೂ ನಡುವ ಟ್ಯೂಬ್ ಜಜ್ಜಿ ಎರಡು ತೂತು ಬೀಳ್ತಾವ. ಕೈಲೆ ಒತ್ತಿ ನೋಡಿ ಅಂದಾಜು ಮಾಡೋದು ಬಿಟ್ಟು ಮೀಟರ್ ಇರೋ ಪಂಪ್ ತಗೊಳ್ರಿ.

ಪ್ರಶ್ನೆ: ಗೋಕಾಕದಿಂದ. ಬಜೆಟ್ 30 ಸಾವಿರ. ಫುಲ್ ಸಸ್ಪೆನ್ಷನ್ ತಗೊಳ್ಲೋ ಹಾರ್ಡ್‌ಟೇಲೋ?

ಉತ್ತರ: ಹಾರ್ಡ್‌ಟೇಲ್. ಅಂದ್ರ ಮುಂದ ಅಷ್ಟೇ ಸ್ಪ್ರಿಂಗ್ ಇದ್ದು ಹಿಂದ ಇರದ ಸೈಕಲ್. ಈ ರೊಕ್ಕದಾಗ ಫುಲ್ ಸಸ್ಪೆನ್ಷನ್ ಅಂತ ಹಿಂದನೂ ಸ್ಪ್ರಿಂಗ್ ಹಾಕಿ ಮಾರೋ ಸೈಕಲ್ ಬರೇ ತೂಕ, ಏರಿನ್ಯಾಗ ನಿಮ್ಮ ಕಾಲಿನ ಶಕ್ತಿ ಸ್ಪ್ರಿಂಗ್ ಕುಣಸಾಕ ಹೋಗ್ತದ, ಧೂಳು ಹೊಕ್ಕು ಬೇಗ ಕಿರ್‌ಗುಟ್ಟತದ. ನಿಮ್ಮ ಎತ್ತರಕ್ಕ ಸರಿ ಆಗೋ ಫ್ರೇಮ್ ಸೈಜ್ (ಇದು ಎಲ್ಲಾದಕ್ಕಿಂತ ಮೊದಲ), ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಅಗಲ ಟೈರ್ ಹಿಡಿಯೋ ಫ್ರೇಮ್, ಇಷ್ಟು ನೋಡ್ರಿ. ಗೇರ್ 21 ಇದ್ರೇನು 9 ಇದ್ರೇನು, ಏರಿಗೆ ಹಗರ ಗೇರ್ ಒಂದು ಇದ್ರ ಸಾಕು. ಹೆಲ್ಮೆಟ್ ರೊಕ್ಕ ಇದರಾಗೇ ತಗದಿಡ್ರಿ.

ಪ್ರಶ್ನೆ: ನಮಸ್ಕಾರ್ರೀ, ನಾನು ಬಾಗಲಕೋಟಿಯಾಕಿ. ನನ್ನ ಮಗಗ ಹದಿನೈದು ವರ್ಷ, ಸೈಕಲ್ ಹುಚ್ಚು ಹಿಡದೈತಿ. ಸೂಟಿ ಬಿಟ್ಟಾಗಿಂದ ನಡು ಮಧ್ಯಾಹ್ನ ಗುಡ್ಡಕ್ಕ ಹೋಗತಾನು. ರೂಢಿ ಆದ್ರ ಬಿಸಲು ತಡೀತದ ಅಂತ ವಾದಾ ಮಾಡತಾನು. ಬ್ಯಾಡ ಅನ್ನಲ್ಯಾ ಏನ ಮಾಡಲಿ?

ಉತ್ತರ: ಅಕ್ಕಾರ, ಸೈಕಲ್ ಬ್ಯಾಡ ಅನಬ್ಯಾಡ್ರಿ, ಮಧ್ಯಾಹ್ನ ಬ್ಯಾಡ ಅನ್ರಿ. ವಿಜಯಪುರ ಬಾಗಲಕೋಟಿ ಹುಡುಗ್ರು ಸೈಕ್ಲಿಂಗ್‌ದಾಗ ದೇಶಕ್ಕೆಲ್ಲಾ ಹೆಸರಾದವರು, ಆ ಹುಚ್ಚು ನಿಮ್ಮ ಮನ್ಯಾಗೂ ಬಂದದ್ದು ಒಳ್ಳೇದೇ.

ಅವ ಹೇಳೋದ್ರಾಗ ಒಂದು ಪಾಲು ಖರೇ. ಮೈ ಬಿಸಲಿಗೆ ಹೊಂದಿಕೊಳ್ತದ, ಅದಕ್ಕ ಹತ್ತರಿಂದ ಹದಿನಾಕು ದಿನ ಬೇಕು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ಕೋತ ಹೋಗಬೇಕು, ಬೆವರು ಬೇಗ ಬರಾಕ ಶುರು ಆಗ್ತದ, ಬೆವರಿನ್ಯಾಗ ಉಪ್ಪು ಕಡಿಮಿ ಹೋಗ್ತದ. ಆದ್ರ ಎಷ್ಟು ಹೊಂದಿಕೊಂಡ್ರೂ ಏಪ್ರಿಲ್ ಮೇ ತಿಂಗಳ 40 ಡಿಗ್ರಿಯೊಳಗ ಏರು ತುಳದ್ರ ಮೈಯೊಳಗಿನ ಕಾವು ಹುಟ್ಟಿದಷ್ಟು ಬೇಗ ಹೊರಗ ಹೋಗೂದಿಲ್ಲ. ಥಾರ್‌ದಾಗೂ ಸೈಕಲ್ ಹೊಡಿಯೋ ಕಾಲ ನವೆಂಬರಿಂದ ಫೆಬ್ರವರಿ, ಅಲ್ಲಿಯವರೂ ಮೇ ತಿಂಗಳ ಮಧ್ಯಾಹ್ನ ನೆರಳಿನ್ಯಾಗ ಕೂಡ್ತಾರ, ಈ ಮಾತು ಅವಗ ಹೇಳ್ರಿ. ಬ್ಯಾಸಗಿಯೊಳಗ ಐದೂವರೆಗೆ ಮನಿ ಬಿಟ್ಟು ಎಂಟೂವರೆ ಒಳಗ ತಿರುಗಿ ಬರಬೇಕು.

ನೀರು ತಾಸಿಗೆ ಅರ್ಧ ಲೀಟರಿಂದ ಮುಕ್ಕಾಲು ಲೀಟರ್, ಬಾಯಾರಿಕಿ ಆಗೋ ತನಕ ಕಾಯದ ಗುಟುಕು ಗುಟುಕು. ಬರೇ ನೀರೇ ಲೀಟರ್‌ಗಟ್ಟಲೆ ಕುಡದ್ರ ರಕ್ತದಾಗಿನ ಉಪ್ಪು ಕಡಿಮಿ ಆಗಿ ಅದೂ ಅಪಾಯ, ಅದಕ್ಕ ಒಂದು ಬಾಟಲಿ ನೀರು, ಒಂದು ಬಾಟಲಿ ಓಆರ್‌ಎಸ್. ದೊಡ್ಡ ಪಾಕೀಟು ಪೂರಾ ಒಂದು ಲೀಟರಿಗೆ ಕಲಸಬೇಕು, ರುಚಿಗಂತ ಗಟ್ಟಿ ಮಾಡಬಾರದು. ಮನ್ಯಾಗಿನ ಇಂಡಿ ಲಿಂಬಿ, ಸಕ್ಕರಿ, ಉಪ್ಪಿನ ಶರಬತ್ತೂ ನಡೀತದ. ಬಂದ ಮ್ಯಾಲೆ ಮಜ್ಜಿಗಿ ಕೊಡ್ರಿ. ಉಚ್ಚಿ ಬಣ್ಣ ಗಾಢ ಹಳದಿ ಇದ್ರ ನೀರು ಸಾಲಿಲ್ಲಂತ ತಿಳೀರಿ.

ಈಗ ಹೇಳೋದನ್ನ ನೀವೂ ಅವನ ಗೆಳ್ಯಾರೂ ಬಾಯಿಪಾಠ ಮಾಡ್ರಿ. ತಲಿನೋವು, ವಾಂತಿ ಬಂದಂಗಾಗೋದು, ಬಿಸಲಿನ್ಯಾಗ ಮೈ ಚಳಿ ಅನಸೋದು, ಇವು ಬಂದ್ರ ಅಲ್ಲೇ ನಿಂತು ನೆರಳಿಗೆ ಹೋಗಬೇಕು, ಇನ್ನೊಂದು ಏರು ಮುಗಸೋಣು ಅನಬಾರದು. ಮಾತು ತಪ್ಪಿದ್ರ, ನಡಿಗಿ ತಪ್ಪಿದ್ರ, ಸಿಟ್ಟಿಗೇಳಾಕ ಹತ್ತಿದ್ರ ಅದು ಹೀಟ್ ಸ್ಟ್ರೋಕ್, ಬೆವರು ಬರ್ತಿದ್ರೂ ಆಗಬಹುದು. 108ಕ್ಕ ಫೋನ್ ಮಾಡಿ, ಗಾಡಿ ಬರೋ ತನಕ ಕಾಯದ ಇದ್ದ ನೀರೆಲ್ಲಾ ಮೈಮ್ಯಾಲೆ ಸುರುವಿ ಗಾಳಿ ಬೀಸ್ರಿ. ಎಚ್ಚರ ತಪ್ಪಿದವಗ ಬಾಯಿಗೆ ನೀರು ಹಾಕಬ್ಯಾಡ್ರಿ.

ಪ್ರಶ್ನೆ: ಬೆಳಗಾವಿಯೊಳಗ ಓದಾಕತ್ತೀನಿ, ರಾಜಹಂಸಗಡ ಕಡೆ ಮೌಂಟೇನ್ ಬೈಕ್ ಹೊಡದು ರೂಢಿ ಐತಿ. ಬಾದಾಮಿ ಬಂಡಿ ಮ್ಯಾಲೆ ಹೊಡಿಬೇಕಂತ ಆಸೆ. ಏನರ ಬ್ಯಾರೆ ಕಲೀಬೇಕಾಗತೈತೇನು?

ಉತ್ತರ: ಬೆಳಗಾವಿಯ ಹಸಿ ಕೆಂಪು ಮಣ್ಣಿನ್ಯಾಗ ಟೈರಿನ ಹಲ್ಲು ಮಣ್ಣು ಕಚ್ಚತದ. ಬಾದಾಮಿಯ ಮರಳುಗಲ್ಲಿನ ಮ್ಯಾಲೆ ಕಚ್ಚಾಕ ಏನೂ ಇಲ್ಲ, ಹಿಡಿತ ಬರೋದು ರಬ್ಬರ್ ಕಲ್ಲಿಗೆ ಒತ್ತಿಕೊಂಡು. ಅಮೆರಿಕಾದ ಯೂಟಾ ರಾಜ್ಯದ ಮೋಆಬ್ ಊರು ಮೌಂಟೇನ್ ಬೈಕಿಗೆ ಜಗತ್ತಿನ್ಯಾಗ ಹೆಸರಾದದ್ದು ಇಂಥದ್ದೇ ಮರಳುಗಲ್ಲಿನ ಬಂಡಿಯಿಂದ. ಒಣಗಿದ ಕಲ್ಲು ನೀವು ನಂಬಲಾರದಷ್ಟು ಹಿಡೀತದ, ನಡಕೊಂಡು ಹತ್ತಾಕ ಅಂಜೋ ಏರನ್ನೂ ಹತ್ತಬಹುದು, ಆದ್ರ ಅದರ ಮ್ಯಾಲೆ ಉದರಿದ ತೆಳು ಉಸುಕಿನ ಪದರ ಇದ್ದಲ್ಲಿ ಬಾಲ್ ಬೇರಿಂಗ್ ಮ್ಯಾಲೆ ಹೋದಂಗ ಜಾರತದ. ಕಲ್ಲಿನ ಬಣ್ಣ ನೋಡ್ಕೋತ ಹೋಗ್ರಿ, ಉಸುಕಿನ ಪುಡಿ ಇದ್ದಲ್ಲಿ ನುಣ್ಣಗ ಮಂಕಾಗಿ ಕಾಣತದ. ಏರಿನ್ಯಾಗ ಎದಿ ಹ್ಯಾಂಡಲ್ ಹತ್ತಿರ ಬಗ್ಗಿಸಿ ಸೀಟಿನ ಮೂತಿ ಮ್ಯಾಲೆ ಕೂಡ್ರಿ, ಇಳಿಜಾರಿನ್ಯಾಗ ಸೀಟು ಕೆಳಗ ಮಾಡಿ ಹಿಂದಕ್ಕ ಸರೀರಿ.

ಒಂದು ಕೈಮುಗದು ಕೇಳ್ಕೊಳ್ಳೋದು. ಗುಹೆ, ಕೋಟಿ, ಗುಡಿ ಇರೋ ಬಂಡಿ ಮ್ಯಾಲೆ ಸೈಕಲ್ ಹತ್ತಸಬ್ಯಾಡ್ರಿ. ಆರನೇ ಶತಮಾನದಾಗ ಚಾಲುಕ್ಯರು ಕಡದ ಕಲ್ಲು ಅದು, ಪುರಾತತ್ವ ಇಲಾಖೆ ಕಾಯೋ ಜಾಗಾ. ಮರಳುಗಲ್ಲು ಮೆತ್ತಗಿರ್ತದ, ಪೆಡಲ್ ತಾಗಿ ಹೋದ ಚೂರು ಮತ್ತ ಹುಟ್ಟೂದಿಲ್ಲ. ಊರ ಹೊರಗ ದನ ಕುರಿ ಓಡಾಡೋ ಗುಡ್ಡ ಬೇಕಾದಷ್ಟು ಅದಾವ, ಹತ್ತಿರದ ಹಳ್ಳಿಯೊಳಗ ಕೇಳಿ ಅಲ್ಲಿ ಹೊಡೀರಿ.

ಪ್ರಶ್ನೆ: ಜಮಖಂಡಿಯಿಂದ ಬರಿಯಾಕತ್ತೀನಿ. ಒಬ್ಬಾಕಿನ ಮಡ್ಡಿ ಕಡೆ ಸೈಕಲ್ ಒಯ್ಯಾಕ ಆಸೆ, ಆದ್ರ ನಾಯಿ ಬೆನ್ನ ಹತ್ತತಾವ, ಹಾವಿನ ಅಂಜಿಕಿನೂ ಐತಿ.

ಉತ್ತರ: ತಂಗಿ, ಕುರಿ ಹಿಂಡಿನ ನಾಯಿಗೆ ತನ್ನ ಹಿಂಡು ಕಾಯೋದೇ ಕೆಲಸ, ಜೋರಾಗಿ ಬರೋ ಸೈಕಲ್ ಅದಕ್ಕ ತೋಳ ಇದ್ದಂಗ ಕಾಣತದ. ಮುಧೋಳ ಸೀಮಿಯೊಳಗ ಓಡಿ ಗೆಲ್ಲತೀನಿ ಅನ್ನೋ ವಿಚಾರ ಮೊದಲ ಬಿಡ್ರಿ. ದೂರದಿಂದನ ಹಿಂಡು ಕಂಡ್ರ ವೇಗ ಕಡಿಮಿ ಮಾಡಿ, ಕುರಿ ಕಾಯೋರಿಗೆ ಕೂಗಿ ಹೇಳ್ರಿ. ನಾಯಿ ಬಂದೇಬಿಟ್ರ ಇಳದು ಸೈಕಲ್ ನಡುವ ಅಡ್ಡ ಹಿಡದು ನಿಂತು, ಗಟ್ಟಿ ದನಿಯಿಂದ ಗದರಿಸಿ, ಬೆನ್ನು ತೋರಸದ ಮೆಲ್ಲಕ ಸರೀರಿ. ಕಚ್ಚಿದ್ರ ಸೋಪು ನೀರಿನಿಂದ ಹದಿನೈದು ನಿಮಿಷ ತೊಳದು ಅವತ್ತೇ ದವಾಖಾನಿಗೆ ಹೋಗ್ರಿ.

ಹಾವು ಓಡೋ ಸೈಕಲ್ಲಿಗೆ ಬರೂದಿಲ್ಲ, ಅಪಾಯ ಇರೋದು ನೀವು ಇಳದು ಕಲ್ಲಿನ ಸಂದಿಯೊಳಗ, ಹುಲ್ಲಿನ್ಯಾಗ ಕೈ ಕಾಲು ಇಟ್ಟಾಗ. ಕೊಳಕುಮಂಡಲ, ಉರಿಮಂಡಲ ಎರಡೂ ನಮ್ಮ ಕಡೆ ಅದಾವ. ಕಾಲು ಮುಚ್ಚೋ ಬೂಟು ಹಾಕ್ರಿ. ಕಡದ್ರ ಕೊಯ್ಯೋದು, ಹೀರೋದು, ಹಗ್ಗದಿಂದ ಬಿಗಿಯೋದು ಯಾವ್ದೂ ಬ್ಯಾಡ, ಆ ಕಾಲು ಅಲಗಾಡಸದ ಆ್ಯಂಟಿ ವೆನಮ್ ಇರೋ ಸರಕಾರಿ ಆಸ್ಪತ್ರಿಗೆ ಸೀದಾ ಹೋಗಬೇಕು. ಮೊದಲ ಸ್ವಲ್ಪ ದಿನ ಯಾರನ್ನಾದ್ರೂ ಜೋಡಿ ಕರಕೊಂಡು ಹೋಗಿ ಹಾದಿ ಪರಿಚಯ ಮಾಡ್ಕೊಳ್ರಿ, ಆಮ್ಯಾಲೆ ಒಬ್ಬರೇ ಹೋಗುವಾಗ ಯಾವ ಹಾದಿ, ಎಷ್ಟಕ್ಕ ತಿರುಗಿ ಬರ್ತೀನಿ ಅಂತ ಮನ್ಯಾಗ ಹೇಳಿ, ಫೋನಿನ್ಯಾಗ ಲೊಕೇಶನ್ ಹಂಚಿಕೊಂಡು ಹೋಗ್ರಿ. ಹೆಣ್ಣಮಕ್ಕಳು ಮಡ್ಡಿ ಹಾದಿಗೆ ಸೈಕಲ್ ಒಯ್ಯೋದು ಹೆಚ್ಚಾದಷ್ಟೂ ನೋಡೋರ ಕಣ್ಣಿಗೆ ಅದು ರೂಢಿ ಆಗ್ತದ, ದಯವಿಟ್ಟು ಆಸೆ ಬಿಡಬ್ಯಾಡ್ರಿ.

ಪ್ರಶ್ನೆ: ಬಸವನ ಬಾಗೇವಾಡಿಯಿಂದ. ಧೂಳಿಗೆ ಚೈನ್ ಕರ್ರಗಾಗಿ ಸಪ್ಪಳ ಮಾಡ್ತದ, ಎಣ್ಣಿ ಎಷ್ಟ ಹಾಕಿದ್ರೂ ಅಷ್ಟೇ.

ಉತ್ತರ: ಎಣ್ಣಿ ಜಾಸ್ತಿ ಆಗಿದ್ದೇ ಕಾರಣರಿ. ಹಸಿ ಎಣ್ಣಿಗೆ ಧೂಳು ಮೆತ್ತಿ ಅರದಂಗ ಅರದು ಚೈನ್ ತಿಂತದ. ಸೀಮಿಎಣ್ಣಿ ಇಲ್ಲಾ ಡಿಗ್ರೀಸರ್ ಹಾಕಿ ಪೂರಾ ತೊಳದು ಒಣಗಿಸಿ, ಮೇಣ ಇರೋ ಡ್ರೈ ಲ್ಯೂಬ್ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ರಾತ್ರಿಯೆಲ್ಲಾ ಬಿಟ್ಟು ಮುಂಜಾನೆ ಮ್ಯಾಲಿಂದು ಒರಸ್ರಿ. ಪ್ರತಿ ರೈಡ್ ಆದ ಮ್ಯಾಲೆ ಒಣ ಬಟ್ಟಿಲೆ ಒರಸಿದ್ರ ಸಾಕು. ಚೈನ್ ಅಳಿಯೋ ಗೇಜ್ ಸೈಕಲ್ ಅಂಗಡಿಯೊಳಗ ಇರ್ತದ, 0.75 (ಅಂದ್ರ ಚೈನ್ ಶೇಕಡಾ 0.75ರಷ್ಟು ಉದ್ದ ಆಗೇದ) ತೋರಿಸೋದ್ರೊಳಗ ಚೈನ್ ಬದಲಿಸ್ರಿ, ತಡ ಮಾಡಿದ್ರ ಹಿಂದಿನ ಕ್ಯಾಸೆಟ್ಟೂ (ಹಿಂದಿನ ಗಾಲಿಯ ಹಲ್ಲಿನ ಚಕ್ರಗಳು) ಹೋಗ್ತದ.